ಕಾಲರಾ ಜೀವಿವಿಷದ ಶೋಧ ಮತ್ತು ಪ್ರೊ. ಶಂಭುನಾಥ ಡೇ ಅವರ ವಿದ್ವತ್ ಜೀವನ

ಆಧುನಿಕ ಭಾರತದ ವಿಜ್ಞಾನ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ದೊಡ್ಡ ಸಂಶೋಧನ ಸಂಸ್ಥೆಗಳು, ರಾಷ್ಟ್ರೀಯ ಪ್ರಯೋಗಾಲಯಗಳು ಮತ್ತು ಪ್ರಶಸ್ತಿ ಪುರಸ್ಕೃತರ ಹೆಸರುಗಳನ್ನು ಮೈಲಿಗಲ್ಲುಗಳನ್ನಾಗಿ ಇರಿಸಿಕೊಳ್ಳುವುದು ವಾಡಿಕೆ. ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುತ್ತ, ಉತ್ತರಪತ್ರಿಕೆಗಳನ್ನು ತಿದ್ದುತ್ತ, ಆಸ್ಪತ್ರೆಯ ನಿತ್ಯದ ಪರೀಕ್ಷೆಗಳನ್ನು ನಿರ್ವಹಿಸುತ್ತ ಸಂಶೋಧನೆಯನ್ನೂ ನಡೆಸಿದ ಅಧ್ಯಾಪಕರು ಈ ಚೌಕಟ್ಟಿನಿಂದ ಹೊರಗುಳಿಯುತ್ತಾರೆ. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ರೋಗವಿಜ್ಞಾನ ಮತ್ತು ಬ್ಯಾಕ್ಟೀರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಶಂಭುನಾಥ ಡೇ (1915–1985) ಅವರ ವಿದ್ವತ್ ಜೀವನ ಇದಕ್ಕೆ ಒಂದು ಮಹತ್ತ್ವದ ನಿದರ್ಶನ. ಕಾಲರಾ ರೋಗಾಣುವು ಹೊರಸೂಸುವ ಜೀವಿವಿಷವೇ ಆ ರೋಗಕ್ಕೆ ಮೂಲಕಾರಣವೆಂಬುದನ್ನು 1959ರಲ್ಲಿ ಪ್ರಯೋಗಮುಖೇನ ತೋರಿಸಿದವರು ಅವರು. ಆದರೂ ಅವರು ಬದುಕಿರುವಷ್ಟು ಕಾಲ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ತನ್ನ ಫೆಲೋ ಆಗಿ ಚುನಾಯಿಸಲಿಲ್ಲ.

ಈ ಲೋಪವನ್ನು ಒಬ್ಬ ವ್ಯಕ್ತಿಗಾದ ಅನ್ಯಾಯವೆಂದು ಹೇಳಿ ಮುಗಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅಂತಹ ಶೋಧ ಒಂದು ಬೋಧನ ಆಸ್ಪತ್ರೆಯ ವಿಭಾಗದಲ್ಲಿ ಹೇಗೆ ಸಾಧ್ಯವಾಯಿತು, ಅಲ್ಲಿಂದಲೇ ಬಂದುದರಿಂದ ಅದು ಹೇಗೆ ಮರೆಯಲ್ಲಿ ಉಳಿಯಿತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇರಿಸಿ ಪರಿಶೀಲಿಸುವುದು ಇಲ್ಲಿಯ ಪ್ರಯತ್ನ.

ವಿದ್ಯಾಭ್ಯಾಸ ಮತ್ತು ಆರಂಭದ ವರ್ಷಗಳು

ಶಂಭುನಾಥ ಡೇ ಅವರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. ಊರಿನ ಶಾಲೆಯ ಬಳಿಕ ಹೂಗ್ಲಿ ಮೊಹಸಿನ್ ಕಾಲೇಜಿನಲ್ಲಿ ಓದಿ, ಕಲ್ಕತ್ತ ಮೆಡಿಕಲ್ ಕಾಲೇಜನ್ನು ಸೇರಿದರು. 1939ರಲ್ಲಿ ವೈದ್ಯಕೀಯ ಪದವಿಯನ್ನೂ 1942ರಲ್ಲಿ ಉಷ್ಣವಲಯ ವೈದ್ಯಶಾಸ್ತ್ರದ ಡಿಪ್ಲೊಮಾವನ್ನೂ ಪಡೆದರು. ಅದೇ ವರ್ಷ ತಾವು ಓದಿದ ಕಾಲೇಜಿನಲ್ಲಿಯೇ ರೋಗವಿಜ್ಞಾನದ ಡೆಮಾನ್‌ಸ್ಟ್ರೇಟರ್ ಆಗಿ ಕೆಲಸಕ್ಕೆ ಸೇರಿ, ಪ್ರೊ. ಬಿ. ಪಿ. ತ್ರಿವೇದಿಯವರ ಕೈಕೆಳಗೆ ಸಂಶೋಧನೆಯ ಮೊದಲ ಪಾಠಗಳನ್ನು ಕಲಿತರು.

1947ರಲ್ಲಿ ಡೇ ಅವರು ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರಾನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. 1949ರಲ್ಲಿ ಪಿಎಚ್.ಡಿ. ಪದವಿ ದೊರೆಯಿತು. ಆ ವರ್ಷವೇ ಗುರುಶಿಷ್ಯರಿಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದ ವಿಷಯ, ನರಮಂಡಲದ ಮೂಲಕ ಉಂಟಾಗುವ ಶ್ವಾಸಕೋಶದ ನೀರೂತ. ರಕ್ತನಾಳಗಳಲ್ಲಿ ಇರಬೇಕಾದ ದ್ರವ ಹೊರಕ್ಕೆ ಹರಿದು ಅಂಗಾಂಶದಲ್ಲಿ ಸಂಗ್ರಹವಾಗುವುದೇಕೆ ಎಂಬುದು ಅದರ ಮೂಲಪ್ರಶ್ನೆ. ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಡೇ ಅವರು ಕಾಲರಾವನ್ನು ಸಮೀಪಿಸಿದ್ದು ರೋಗಾಣುಗಳನ್ನು ವರ್ಗೀಕರಿಸುವ ತಜ್ಞರಾಗಿ ಅಲ್ಲ. ದೇಹದೊಳಗೆ ದ್ರವವು ಎಲ್ಲಿಂದ ಎಲ್ಲಿಗೆ ಏಕೆ ಚಲಿಸುತ್ತದೆ ಎಂದು ಕೇಳಲು ಕಲಿತ ರೋಗವಿಜ್ಞಾನಿಯಾಗಿ.

ಸ್ವದೇಶಕ್ಕೆ ಮರಳಿದ ಅನಂತರ ಅವರು ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1955ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನ ರೋಗವಿಜ್ಞಾನ ಮತ್ತು ಬ್ಯಾಕ್ಟೀರಿಯಾಶಾಸ್ತ್ರ ವಿಭಾಗದ ಪ್ರಾಧ್ಯಾಪಕರೂ ಮುಖ್ಯಸ್ಥರೂ ಆಗಿ ನೇಮಕಗೊಂಡು, 1973ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು.

ಪರಿಹಾರವಾಗದೆ ಉಳಿದಿದ್ದ ಸಮಸ್ಯೆ

ಡೇ ಅವರ ಕಾರ್ಯದ ಬೆಲೆ ತಿಳಿಯಬೇಕಾದರೆ 1950ರ ಹೊತ್ತಿಗೆ ಕಾಲರಾ ಸಂಶೋಧನೆ ಎಲ್ಲಿ ನಿಂತಿತ್ತೆಂಬುದನ್ನು ನೆನೆಯಬೇಕು. ಜರ್ಮನಿಯ ರಾಬರ್ಟ್ ಕಾಖ್ 1883ರ ಕೊನೆಯಲ್ಲಿ ಈಜಿಪ್ಟಿನಿಂದ ಕಲ್ಕತ್ತೆಗೆ ಬಂದು, 1884ರ ಆರಂಭದಲ್ಲಿ ಕಾಲರಾ ವಿಬ್ರಿಯೊವನ್ನು ಶುದ್ಧವಾಗಿ ಬೇರ್ಪಡಿಸಿದನು. ರೋಗಾಣುವು ಕರುಳಿನೊಳಗೆ ಇದ್ದುಕೊಂಡೇ ಒಂದು ಬಗೆಯ ವಿಷವನ್ನು ಉತ್ಪಾದಿಸುತ್ತಿರಬೇಕೆಂದು ಅವನು ಆ ವರ್ಷವೇ ಊಹಿಸಿದ್ದನು. ಆದರೆ ಮುಂದಿನ 75 ವರ್ಷಗಳ ಕಾಲ ಆ ಊಹೆಗೆ ಖಚಿತವಾದ ಆಧಾರ ದೊರೆಯಲಿಲ್ಲ.

ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಪ್ರಾಯದ ಪ್ರಾಣಿಗಳಿಗೆ ಈ ರೋಗಾಣುವನ್ನು ಆಹಾರದೊಡನೆ ಕೊಟ್ಟರೆ ಕಾಲರಾ ಬರುತ್ತಿರಲಿಲ್ಲ. ಮನುಷ್ಯನ ರೋಗವನ್ನು ಹೋಲುವ ಪ್ರಾಣಿಮಾದರಿಯೇ ಇಲ್ಲದೆ ವಿಷವನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಎರಡನೆಯದು, ಕಾಖ್‌ನ ಶಿಷ್ಯ ರಿಚರ್ಡ್ ಫೈಫರ್ 1892ರಲ್ಲಿ ಮಂಡಿಸಿದ ಅಂತರ್ವಿಷದ ಸಿದ್ಧಾಂತ. ವಿಬ್ರಿಯೊಗಳನ್ನು ಗಿನಿಯಿಲಿಗಳ ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿದಾಗ ಅವು ಸಾಯುವುದನ್ನು ಕಂಡು, ರೋಗಾಣುವಿನ ದೇಹದಲ್ಲಿಯೇ ಅಡಕವಾಗಿದ್ದು ಅದು ಸತ್ತ ಮೇಲೆ ಬಿಡುಗಡೆಯಾಗುವ, ಕಾಯಿಸಿದರೂ ನಾಶವಾಗದ ವಸ್ತುವೇ ವಿಷವೆಂದು ಅವನು ನಿರ್ಣಯಿಸಿದನು. ರೋಗನಿರೋಧಶಾಸ್ತ್ರದ ಚರಿತ್ರೆಯಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಕಾಲರಾದ ಮಟ್ಟಿಗೆ ಅದು ಸಂಶೋಧಕರ ದೃಷ್ಟಿಯನ್ನು ಕರುಳಿನಿಂದ ಬೇರೆಡೆಗೆ ತಿರುಗಿಸಿತು. ಕರುಳಿನ ಒಳಪೊರೆ ಕಳಚಿ ಬೀಳುವುದರಿಂದಲೇ ದ್ರವ ನಷ್ಟವಾಗುತ್ತದೆಂಬ ಅಭಿಪ್ರಾಯವೂ ಬಲವಾಗಿತ್ತು. 1947ರಲ್ಲಿ ಆಸ್ಟ್ರೇಲಿಯದ ಬರ್ನೆಟ್ ಮತ್ತು ಸ್ಟೋನ್ ಅವರ ಪ್ರಯೋಗಗಳು ಈ ಅಭಿಪ್ರಾಯಕ್ಕೆ ಪುಷ್ಟಿ ಕೊಟ್ಟಿದ್ದವು.

ಚಿಕಿತ್ಸಕರ ಅನುಭವ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿಯೇ ರೋಗವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಲೆನಾರ್ಡ್ ರಾಜರ್ಸ್ 20ನೆಯ ಶತಮಾನದ ಆರಂಭದಲ್ಲಿ ರಕ್ತನಾಳಕ್ಕೆ ಲವಣಜಲವನ್ನು ಕೊಟ್ಟು ಸಾವಿನ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿದ್ದನು. ತೀವ್ರ ಕಾಲರಾದಲ್ಲಿ ರೋಗಿಯು ಗಂಟೆಗೆ ಸುಮಾರು 1 ಲೀಟರಿನಷ್ಟು ದ್ರವವನ್ನು ಕಳೆದುಕೊಳ್ಳಬಹುದು. ನಮ್ಮ ಜನ ಈ ರೋಗವನ್ನು ವಾಂತಿಭೇದಿ ಎಂದು ಕರೆದದ್ದೂ ಕಣ್ಣಿಗೆ ಕಾಣುವ ಈ ನಷ್ಟವನ್ನು ಹಿಡಿದೇ. ಪ್ರಯೋಗಾಲಯದ ಸಿದ್ಧಾಂತ ಮತ್ತು ವಾರ್ಡಿನ ಅನುಭವ ಎರಡೂ ಹೀಗೆ ಬೇರೆ ಬೇರೆ ದಾರಿ ಹಿಡಿದಿದ್ದ ಕಾಲದಲ್ಲಿ ಡೇ ಅವರು ಕೆಲಸ ಆರಂಭಿಸಿದರು.

ಕರುಳಕುಣಿಕೆಯ ವಿಧಾನ

ಅವರು ಮೊದಲು ಕೈಹಾಕಿದ್ದು ಕಾಲರಾದಿಂದ ಮೃತರಾದವರ ಮೂತ್ರಪಿಂಡಗಳಲ್ಲಾಗುವ ಬದಲಾವಣೆಗಳ ಅಧ್ಯಯನಕ್ಕೆ. ಶವಪರೀಕ್ಷೆಯ ಕೋಣೆಯಿಂದ ಹೊರಟ ಈ ವಿಚಾರಣೆ, ಮೂತ್ರಪಿಂಡದ ಹಾನಿಗೂ ರಕ್ತಪರಿಚಲನೆಯ ಕುಸಿತಕ್ಕೂ ಹಿಂದಿರುವ ಕರುಳಿನ ದ್ರವಸ್ರಾವದ ಕಡೆಗೆ ಅವರನ್ನು ಕರೆದೊಯ್ದಿತು.

1953ರಲ್ಲಿ ಡಿ. ಎನ್. ಚಟರ್ಜಿಯವರೊಡನೆ ಬ್ರಿಟನ್ನಿನ ರೋಗವಿಜ್ಞಾನ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ನಾಲ್ಕು ಪುಟಗಳ ಪ್ರಬಂಧ ಒಂದು ಹೊಸ ವಿಧಾನವನ್ನು ವಿವರಿಸುತ್ತದೆ. ಅರಿವಳಿಕೆ ಕೊಟ್ಟ ಮೊಲದ ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ದಾರದಿಂದ ಬಿಗಿಯಾಗಿ ಕಟ್ಟಬೇಕು. ಆ ಕುಣಿಕೆಯೊಳಕ್ಕೆ ರೋಗಾಣುಗಳ ಜೀವಂತ ಕೃಷಿಯನ್ನು ಚುಚ್ಚಿ, ಕರುಳನ್ನು ಒಳಗಿರಿಸಿ, ಹೊಟ್ಟೆಯನ್ನು ಹೊಲಿಯಬೇಕು. ಸುಮಾರು ಒಂದು ದಿನದ ಅನಂತರ ತೆರೆದು ನೋಡಿದರೆ, ರೋಗಾಣುಗಳಿದ್ದ ಕುಣಿಕೆಯು ಅಕ್ಕಿ ತೊಳೆದ ನೀರಿನಂತಹ ದ್ರವದಿಂದ ಉಬ್ಬಿರುತ್ತದೆ. ರೋಗಾಣುವಿಲ್ಲದ ದ್ರವವನ್ನು ಹಾಕಿದ ಕುಣಿಕೆ ಮುದುಡಿಯೇ ಇರುತ್ತದೆ.

ಇದರ ಸರಳತೆಯೇ ಇದರ ಬಲ. ಬಾಯಿಯ ಮೂಲಕ ಕೊಟ್ಟ ರೋಗಾಣುವನ್ನು ಜಠರದ ಆಮ್ಲವೂ ಕರುಳಿನ ಚಲನೆಯೂ ತಡೆಯುತ್ತಿದ್ದವು. ಕಟ್ಟಿದ ಕುಣಿಕೆಯಲ್ಲಿ ಆ ಎರಡು ಅಡ್ಡಿಗಳೂ ಇಲ್ಲ. ಒಂದೇ ಪ್ರಾಣಿಯಲ್ಲಿ ಹಲವು ಕುಣಿಕೆಗಳನ್ನು ಮಾಡಿ ಪರೀಕ್ಷೆಯನ್ನೂ ಅದರ ಹೋಲಿಕೆಯನ್ನೂ ಜೊತೆಯಲ್ಲಿ ನಡೆಸಬಹುದು. ಸಂಗ್ರಹವಾದ ದ್ರವವನ್ನು ಅಳೆಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇದಕ್ಕೆ ಬೇಕಾದದ್ದು ಮೊಲ, ದಾರ, ಸೂಜಿ ಮತ್ತು ನುರಿತ ಕೈ. ಇಂತಹದೇ ಪ್ರಯೋಗವನ್ನು 1915ರಲ್ಲಿ ವಿಯೋಲ್ ಮತ್ತು ಕ್ರೆಂಡಿರೊಪೌಲೊ ಎಂಬ ಇಬ್ಬರು ಮಾಡಿದ್ದುಂಟು. ಆದರೆ ಅದು ಮರೆತುಹೋಗಿತ್ತು. ಅದನ್ನು ಎಲ್ಲರೂ ಬಳಸಬಲ್ಲ ಪರೀಕ್ಷಾಸಾಧನವಾಗಿ ನೆಲೆಗೊಳಿಸಿದ ಕೀರ್ತಿ ಡೇ ಅವರಿಗೇ ಸಲ್ಲುತ್ತದೆ.

1956ರಲ್ಲಿ ಡೇ ಅವರು ಕೆ. ಭಟ್ಟಾಚಾರ್ಯ ಮತ್ತು ಜೆ. ಕೆ. ಸರ್ಕಾರ್ ಅವರೊಡನೆ ಇದೇ ವಿಧಾನವನ್ನು ಅತಿಸಾರದ ರೋಗಿಗಳಿಂದ ದೊರೆತ ಕೋಲಿ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದರು. ಕೆಲವು ತಳಿಗಳು ಕುಣಿಕೆಯಲ್ಲಿ ಕಾಲರಾ ವಿಬ್ರಿಯೊದಂತೆಯೇ ದ್ರವವನ್ನು ತುಂಬಿದವು. ಕರುಳಿನ ಸಾಮಾನ್ಯ ನಿವಾಸಿಯೆಂದು ತಿಳಿದಿದ್ದ ಬ್ಯಾಕ್ಟೀರಿಯಾದ ಕೆಲವು ತಳಿಗಳು ವಿಷ ಉತ್ಪಾದಿಸಿ ಭೇದಿಯನ್ನುಂಟುಮಾಡುತ್ತವೆ ಎಂಬ ಇಂದಿನ ತಿಳಿವಳಿಕೆಯ ಬೀಜ ಈ ಪ್ರಬಂಧದಲ್ಲಿದೆ.

1959ರ ಪ್ರಬಂಧ

ಜೀವಂತ ರೋಗಾಣುಗಳು ದ್ರವಸ್ರಾವವನ್ನು ಉಂಟುಮಾಡುತ್ತವೆಂದು ತೋರಿಸಿದರೆ ಸಾಲದು. ಅದು ಅವುಗಳ ಇರುವಿಕೆಯಿಂದಲೋ ಅವು ಹೊರಸೂಸಿದ ವಸ್ತುವಿನಿಂದಲೋ ಎಂಬುದನ್ನು ನಿರ್ಧರಿಸಬೇಕಾಗಿತ್ತು. ಡೇ ಅವರು ವಿಬ್ರಿಯೊಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ಶೋಧಿತ ದ್ರವವನ್ನಷ್ಟೇ ಮೊಲದ ಕರುಳಕುಣಿಕೆಗೆ ಹಾಕಿದರು. ಕುಣಿಕೆ ಉಬ್ಬಿತು. 1959ರ ಮೇ 30ರ 'ನೇಚರ್' ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲಿಯೇ ಎರಡು ಪುಟಗಳ ಈ ವರದಿ ಪ್ರಕಟವಾಯಿತು. ಕಾಲರಾ ವಿಷವು ಸತ್ತ ರೋಗಾಣುವಿನಿಂದ ಬರುವ ಅಂತರ್ವಿಷವಲ್ಲ, ಅದು ಜೀವಂತ ರೋಗಾಣು ಸ್ರವಿಸುವ, ಕರುಳಿನ ಮೇಲೆ ನೇರವಾಗಿ ವರ್ತಿಸುವ ಬಹಿರ್ವಿಷವೆಂಬ ನಿಲುವಿಗೆ ಇದರಿಂದ ಭದ್ರವಾದ ತಳಹದಿ ದೊರೆಯಿತು.

ಹಿಂದಿನವರು ಶೋಧಿತ ದ್ರವವನ್ನು ಬಳಸಿರಲಿಲ್ಲವೆಂದಲ್ಲ. ಅವರು ಅದನ್ನು ಚರ್ಮದಡಿಗೆ, ರಕ್ತನಾಳಕ್ಕೆ ಅಥವಾ ಹೊಟ್ಟೆಯ ಪೊರೆಗೆ ಚುಚ್ಚಿ, ಪ್ರಾಣಿ ಸಾಯುವುದೇ ಎಂದು ಕಾದಿದ್ದರು. ಡೇ ಅವರು ವಿಷವನ್ನು ಅದು ನಿಜವಾಗಿ ಕೆಲಸಮಾಡುವ ಸ್ಥಳದಲ್ಲಿ ಪರೀಕ್ಷಿಸಿದರು. ಸಾವಿನ ಬದಲು ದ್ರವವನ್ನು ಅಳೆದರು. ನೀರೂತವನ್ನು ಅಧ್ಯಯನ ಮಾಡಿದ್ದವರ ಕಣ್ಣಿಗೆ ಇದು ಸಹಜವಾದ ದಾರಿ. ಇದೇ ಅವಧಿಯಲ್ಲಿ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಎಂ. ಕೆ. ಹಬ್ಬು ಅವರು ಮೊಲದ ಮರಿಗಳಲ್ಲಿ ಕಾಲರಾವನ್ನು ಉಂಟುಮಾಡುವ ಮಾದರಿಯನ್ನು 1955ರಲ್ಲಿ ಪ್ರಕಟಿಸಿದರು. 1959ರಲ್ಲಿ ದತ್ತ, ಪಾನ್ಸೆ ಮತ್ತು ಕುಲಕರ್ಣಿ ಅವರು ಆ ಮಾದರಿಯಲ್ಲಿಯೇ ಕಾಲರಾ ವಿಷದ ಪಾತ್ರವನ್ನು ವಿವರಿಸಿದರು. ಆಧುನಿಕ ಕಾಲರಾ ಸಂಶೋಧನೆಯ ಎರಡು ಮೂಲ ಮಾದರಿಗಳೂ ಭಾರತದಲ್ಲಿಯೇ ಸ್ವತಂತ್ರವಾಗಿ ರೂಪುಗೊಂಡವೆಂಬುದು ಇತಿಹಾಸಕಾರರು ನೆನಪಿಡಬೇಕಾದ ಸಂಗತಿ.

1960ರಲ್ಲಿ ಗಂಗರೋಸ ಮತ್ತು ಸಂಗಡಿಗರು ಬ್ಯಾಂಕಾಕಿನಲ್ಲಿ ರೋಗಿಗಳ ಕರುಳಿನ ತುಣುಕುಗಳನ್ನು ಪರೀಕ್ಷಿಸಿ, ಒಳಪೊರೆ ಕಳಚಿ ಬೀಳದೆ ಉಳಿದಿರುತ್ತದೆಂದು ತೋರಿಸಿದರು. ಹಳೆಯ ಸಿದ್ಧಾಂತ ಅಲ್ಲಿಗೆ ಕುಸಿಯಿತು. 1961ರಲ್ಲಿ ಡೇ ಅವರ ಕಾಲರಾ ಕುರಿತ ಗ್ರಂಥವನ್ನು ಎಡಿನ್‌ಬರೊದ ಪ್ರಕಾಶಕರು ಹೊರತಂದರು.

ಶೋಧದ ಮುಂದುವರಿಕೆ

1961ರಲ್ಲಿ ಇಂಡೋನೇಷ್ಯದಿಂದ ಹೊರಟ ಎಲ್ ಟೋರ್ ಬಗೆಯ ಕಾಲರಾ ಏಳನೆಯ ಮಹಾಸಾಂಕ್ರಾಮಿಕವಾಗಿ ಬೆಳೆಯಿತು. ಅದಕ್ಕೆ ತುಸು ಮೊದಲೇ, 1960ರಲ್ಲಿ, ಢಾಕಾದಲ್ಲಿ ಅಮೆರಿಕದ ನೆರವಿನಿಂದ ಕಾಲರಾ ಸಂಶೋಧನಾಲಯ ಸ್ಥಾಪನೆಯಾಗಿತ್ತು. 1962ರಲ್ಲಿ ಕಲ್ಕತ್ತೆಯಲ್ಲಿಯೂ ಕಾಲರಾ ಸಂಶೋಧನ ಕೇಂದ್ರ ಆರಂಭವಾಯಿತು. ಹಣ, ಉಪಕರಣ ಮತ್ತು ತಜ್ಞರ ತಂಡಗಳು ಈ ಕ್ಷೇತ್ರಕ್ಕೆ ಬಂದದ್ದು ಹೀಗೆ. 1969ರಲ್ಲಿ ಅಮೆರಿಕದ ಫಿಂಕಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಅವರು ವಿಷವನ್ನು ಶುದ್ಧರೂಪದಲ್ಲಿ ಪಡೆದರು. ಆ ಹೆಜ್ಜೆಗೆ ಜೀವರಸಾಯನ ವಿಜ್ಞಾನದ ಸುಸಜ್ಜಿತ ಪ್ರಯೋಗಾಲಯ ಬೇಕಿತ್ತು. ಬೋಧನ ಆಸ್ಪತ್ರೆಯ ವಿಭಾಗದಿಂದ ಅದನ್ನು ಇಡಲಾಗಲಿಲ್ಲ.

ಶುದ್ಧ ವಿಷ ದೊರೆತ ಮೇಲೆ ಅದರ ಕಾರ್ಯವಿಧಾನ ಬೇಗನೆ ಬೆಳಕಿಗೆ ಬಂದಿತು. ಅದು 'ಎ' ಮತ್ತು 'ಬಿ' ಎಂಬ ಎರಡು ಬಗೆಯ ಘಟಕಗಳಿಂದಾದ ಪ್ರೋಟೀನು. ಐದು 'ಬಿ' ಘಟಕಗಳು ಕರುಳಿನ ಕೋಶದ ಮೇಲ್ಮೈಗೆ ಅಂಟಿಕೊಳ್ಳುತ್ತವೆ. 'ಎ' ಘಟಕ ಕೋಶದೊಳಗೆ ಹೊಕ್ಕು, ಒಂದು ಕಿಣ್ವವನ್ನು ನಿಲ್ಲದೆ ಕೆಲಸಮಾಡುವಂತೆ ಪ್ರಚೋದಿಸುತ್ತದೆ. ಪರಿಣಾಮವಾಗಿ ಲವಣಾಂಶವೂ ಅದರ ಹಿಂದೆ ನೀರೂ ಕೋಶದಿಂದ ಕರುಳಿಗೆ ಸುರಿಯುತ್ತವೆ. ಕೋಶಕ್ಕೆ ಹಾನಿಯಾಗದೆಯೇ ದ್ರವ ನಷ್ಟವಾಗುತ್ತದೆ. ಸಕ್ಕರೆಯೊಡನೆ ಕೊಟ್ಟ ಲವಣವನ್ನು ಕರುಳು ಆಗಲೂ ಹೀರಿಕೊಳ್ಳಬಲ್ಲುದು ಎಂಬ, ಬೇರೊಂದು ದಾರಿಯಲ್ಲಿ ಬೆಳೆದ ತಿಳಿವಳಿಕೆ ಇದರೊಡನೆ ಸರಿಹೊಂದಿತು. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅವರು ಸಕ್ಕರೆ ಮತ್ತು ಉಪ್ಪಿನ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಸಾವಿನ ಪ್ರಮಾಣವನ್ನು ಬಹಳವಾಗಿ ಇಳಿಸಿದ್ದು ಈ ತಿಳಿವಳಿಕೆಯ ಮಹಾಫಲ.

ರೋಗನಿರೋಧಶಾಸ್ತ್ರಕ್ಕೂ ಡೇ ಅವರ ಶೋಧದಿಂದ ಹೊಸ ಪ್ರಶ್ನೆಗಳು ಹುಟ್ಟಿದವು. ಡಿಫ್ತೀರಿಯ ಮತ್ತು ಧನುರ್ವಾಯುಗಳಲ್ಲಿ ಬಹಿರ್ವಿಷವನ್ನು ನಿರ್ವಿಷಗೊಳಿಸಿ ಚುಚ್ಚಿದರೆ ರಕ್ತದಲ್ಲಿ ಪ್ರತಿಕಾಯಗಳು ಉಂಟಾಗಿ ರಕ್ಷಣೆ ದೊರೆಯುತ್ತಿತ್ತು. ಅದೇ ಮಾರ್ಗ ಕಾಲರಾಕ್ಕೂ ಸಲ್ಲಬಹುದೆಂದು 1970ರ ದಶಕದಲ್ಲಿ ನಡೆಸಿದ ಪ್ರಯತ್ನಗಳು ನಿರಾಶೆಯನ್ನೇ ತಂದವು. ರೋಗಾಣುವೂ ವಿಷವೂ ಕರುಳಿನ ಮೇಲ್ಮೈಯಲ್ಲಿಯೇ ಉಳಿಯುವುದರಿಂದ ರಕ್ಷಣೆಯೂ ಅಲ್ಲಿಯೇ ಉಂಟಾಗಬೇಕು. ಈ ಅರಿವಿನಿಂದ ಬಾಯಿಯ ಮೂಲಕ ಕೊಡುವ ಲಸಿಕೆಗಳು ರೂಪುಗೊಂಡವು. ಅವುಗಳಲ್ಲಿ ಒಂದು ಬಗೆಯಲ್ಲಿ ಸತ್ತ ರೋಗಾಣುಗಳೊಡನೆ ವಿಷದ ಹಾನಿರಹಿತ 'ಬಿ' ಘಟಕವನ್ನೂ ಸೇರಿಸಲಾಗಿದೆ.

ಮನ್ನಣೆಯ ಪ್ರಶ್ನೆ

ಇಷ್ಟೆಲ್ಲ ಬೆಳವಣಿಗೆಗೆ ಮೂಲವಾದ ಶೋಧವನ್ನು ಮಾಡಿದವರು ಆ ಹೊತ್ತಿಗೆ ಕ್ಷೇತ್ರದಿಂದ ದೂರ ಸರಿದಿದ್ದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಸ್ಟಾಕ್‌ಹೋಮಿನಲ್ಲಿ ಕಾಲರಾ ಮತ್ತು ಸಂಬಂಧಿತ ಅತಿಸಾರಗಳನ್ನು ಕುರಿತು ನಡೆಸಿದ 43ನೆಯ ನೊಬೆಲ್ ವಿಚಾರಸಂಕಿರಣಕ್ಕೆ ಡೇ ಅವರನ್ನು ಆಹ್ವಾನಿಸಿತು. ತಾವು 1960ರ ದಶಕದ ಆರಂಭದಿಂದಲೇ ಮೃತರಂತೆ ಇದ್ದು, ಈಗ ಹೂತಲ್ಲಿಂದ ಮೇಲೆತ್ತಲ್ಪಟ್ಟಂತಾಗಿದೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. 1983ರಲ್ಲಿ ವ್ಯಾನ್ ಹೈನಿಂಗನ್ ಮತ್ತು ಸೀಲ್ ಅವರು ಬರೆದ ಕಾಲರಾ ಸಂಶೋಧನೆಯ ಚರಿತ್ರೆಯಲ್ಲಿ ಡೇ ಅವರಿಗೆ ಸಲ್ಲಬೇಕಾದ ಸ್ಥಾನ ದೊರೆಯಿತು. ನೊಬೆಲ್ ಪುರಸ್ಕೃತ ಜೋಶುವ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ಆ ಪ್ರಶಸ್ತಿಗೆ ಸೂಚಿಸಿದ್ದರು. 1985ರ ಏಪ್ರಿಲ್ 15ರಂದು ಡೇ ಅವರು ತೀರಿಕೊಂಡರು. ಮರುವರ್ಷ ಯೂಜೀನ್ ಗಾರ್ಫೀಲ್ಡ್ ಅವರು ಪ್ರಬಂಧಗಳ ಉಲ್ಲೇಖಗಳ ಜಾಲವನ್ನು ಬಿಡಿಸಿ, ಕಾಲರಾ ಸಂಶೋಧನೆಯ ಮೇಲೆ ಡೇ ಅವರ ಪ್ರಭಾವವನ್ನು ದಾಖಲಿಸಿದರು.

ಭಾರತದಲ್ಲಿ ಈ ಮೌನವನ್ನು ಮುರಿದದ್ದು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆ. 1990ರ ಜುಲೈ ತಿಂಗಳಿನಲ್ಲಿ ಅದು ಡೇ ಅವರ ಸ್ಮರಣೆಗೆ ಒಂದು ವಿಶೇಷ ಸಂಚಿಕೆಯನ್ನೇ ಮೀಸಲಿಟ್ಟು, ನಮ್ಮ ಅಕಾಡೆಮಿಗಳ ಲೋಪವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಅಕಾಡೆಮಿಯೊಂದರ ಸಂಸ್ಮರಣ ಸಂಪುಟದಲ್ಲಿ ಈ ಮಾತನ್ನು ಮತ್ತೆ ದಾಖಲಿಸುವುದು ಉಚಿತವೆಂದೇ ಭಾವಿಸುತ್ತೇನೆ.

ಲೋಪಕ್ಕೆ ಕಾರಣವೇನು? ಡೇ ಅವರ ಮುಖ್ಯ ಪ್ರಬಂಧಗಳು ಗುಪ್ತವಾಗಿರಲಿಲ್ಲ. ಪ್ರಪಂಚದ ಪ್ರಮುಖ ಪತ್ರಿಕೆಗಳಲ್ಲಿಯೇ ಅಚ್ಚಾಗಿದ್ದವು. ಅವರ ವಿಧಾನ ಎಷ್ಟು ಸುಲಭವಾಗಿತ್ತೆಂದರೆ, ಅದು ಎಲ್ಲ ಪ್ರಯೋಗಾಲಯಗಳ ನಿತ್ಯದ ಸಾಧನವಾಗಿ ಅದರ ಕರ್ತೃವಿನ ಹೆಸರು ಹಿಂದೆ ಸರಿಯಿತು. ಫೆಲೋಷಿಪ್‌ಗಳು ನಾಮಸೂಚನೆಯಿಂದ ಆರಂಭವಾಗುತ್ತವೆ. ಸೂಚಿಸುವವರು ತಮ್ಮ ವಲಯದೊಳಗೆ ಕಾಣುವವರನ್ನೇ ಸೂಚಿಸುತ್ತಾರೆ. ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ವಿಜ್ಞಾನಿಗಳ ಪಾಲಿಗೆ ವೈದ್ಯ, ವೈದ್ಯರ ಪಾಲಿಗೆ ಪ್ರಯೋಗಾಲಯದವನು. ಈ ಎರಡು ವಲಯಗಳ ನಡುವಿನ ಜಾಗ ಡೇ ಅವರ ಶೋಧಕ್ಕೆ ಅನುಕೂಲವಾಗಿತ್ತು. ಅವರ ಮನ್ನಣೆಗೆ ಅದೇ ಅಡ್ಡಿಯಾಯಿತೆಂದು ಊಹಿಸಲು ಅವಕಾಶವಿದೆ.

ಉಪಸಂಹಾರ

ಒಟ್ಟಿನಲ್ಲಿ ಶಂಭುನಾಥ ಡೇ ಅವರ ವಿದ್ವತ್ ಜೀವನವನ್ನು ಪರಿಶೀಲಿಸಿದಾಗ ಸ್ಪಷ್ಟವಾಗುವ ಸಂಗತಿಯೆಂದರೆ, ಅವರ ಸಾಧನೆಯನ್ನು ಅವರ ಹುದ್ದೆಯಿಂದ ಬೇರ್ಪಡಿಸಲಾಗದು. ಶವಪರೀಕ್ಷೆ, ಬ್ಯಾಕ್ಟೀರಿಯಾ ಕೃಷಿ ಮತ್ತು ರೋಗಿಗಳ ವಾರ್ಡು ಈ ಮೂರೂ ಒಂದೇ ಆವರಣದಲ್ಲಿದ್ದ ವಿಭಾಗದಲ್ಲಿ ಅವರು ಪಾಠ ಹೇಳುತ್ತಿದ್ದರು. ದೊಡ್ಡ ಉಪಕರಣಗಳಿಲ್ಲದೆಯೂ ಉತ್ತರಿಸಬಹುದಾದ ಪ್ರಶ್ನೆಯನ್ನು ಅವರು ಆರಿಸಿಕೊಂಡರು. ಉಪಕರಣಗಳಿಲ್ಲದೆ ಮುಂದೆ ಹೋಗಲಾಗದ ಗಡಿಯಲ್ಲಿ ಅವರ ಕೆಲಸ ನಿಂತಿತು. ಬೇರೆಯವರು ಅದನ್ನು ಮುಂದುವರಿಸಿದರು.

ನಮ್ಮ ನಾಡಿನ ವೈದ್ಯಕೀಯ ಕಾಲೇಜುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಸೂಕ್ಷ್ಮಜೀವಿಶಾಸ್ತ್ರ ಮತ್ತು ರೋಗನಿರೋಧಶಾಸ್ತ್ರಗಳ ಅಧ್ಯಾಪಕರ ಕೆಲಸವನ್ನು ಚರಿತ್ರೆಯ ದೃಷ್ಟಿಯಿಂದ ನೋಡುವ ಅಧ್ಯಯನಗಳು ಇನ್ನೂ ಆಗಬೇಕಾಗಿವೆ. ಅಂತಹ ಅಧ್ಯಯನಕ್ಕೆ ಪ್ರಶಸ್ತಿಗಳ ಪಟ್ಟಿ ಆಕರವಾಗಲಾರದು. ವಿಭಾಗಗಳ ವಾರ್ಷಿಕ ವರದಿಗಳು, ಶವಪರೀಕ್ಷೆಯ ದಾಖಲೆಗಳು, ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳು, ಹಳೆಯ ಪತ್ರಿಕೆಗಳ ಸಂಪುಟಗಳು ಇವೇ ಅದರ ನಿಜವಾದ ಆಕರಗಳು. ಗ್ರಂಥಾಲಯಗಳು ಇವನ್ನು ಕಾಪಾಡಿದರೆ ಮಾತ್ರ, ಅಕಾಡೆಮಿಗಳು ಒಮ್ಮೆ ಕಾಣದೆ ಹೋದುದನ್ನು ಮುಂದಿನ ಸಂಶೋಧಕರಾದರೂ ಕಂಡುಕೊಳ್ಳಲು ಸಾಧ್ಯ.